ಸಿದಿ ಮೂಮೆನ್‌ನ ಗೋಲ್‌ಕೀಪರ್

ಬಡವರ ಮಕ್ಕಳು ಬಾಂಬ್ ಕಟ್ಟಿಕೊಳ್ಳುವುದು ಹಸಿವಿನಿಂದ ಎಂಬ ವಿವರಣೆ ಕೇಳಲು ಹಿತ. ಕರುಣೆ ತೋರಿದಂತೆಯೂ ಆಯಿತು, ಲೆಕ್ಕ ಮುಗಿದಂತೆಯೂ ಆಯಿತು. ಆದರೆ ಅರ್ಥಶಾಸ್ತ್ರಜ್ಞರಾದ ಅಲನ್ ಕ್ರೂಗರ್ ಮತ್ತು ಯಿಟ್ಕಾ ಮಲೆಚ್ಕೊವಾ 2003ರಲ್ಲೇ ಇದನ್ನು ಪ್ರಶ್ನಿಸಿದ್ದರು. ಲೆಬನಾನಿನ ಹಿಜ್ಬುಲ್ಲಾ ಹೋರಾಟಗಾರರು ಸುತ್ತಲಿನ ಜನರಿಗಿಂತ ಬಡವರೇನೂ ಆಗಿರಲಿಲ್ಲ ಎಂದು ಅವರು ತೋರಿಸಿದರು. ನ್ಯೂಯಾರ್ಕಿನ ಗೋಪುರಕ್ಕೆ ವಿಮಾನ ನುಗ್ಗಿಸಿದ ಮೊಹಮ್ಮದ್ ಅಟ್ಟಾ ಜರ್ಮನಿಯಲ್ಲಿ ನಗರ ಯೋಜನೆ ಓದಿದವನು.

ಹಾಗಾದರೆ ಕಾಸಾಬ್ಲಾಂಕಾ? 2003ರ ಮೇ 16ರ ರಾತ್ರಿ ಮೊರಾಕ್ಕೊದ ಆ ನಗರದಲ್ಲಿ ಹಲವೆಡೆ ಬಾಂಬ್ ಸಿಡಿದು 33 ಮಂದಿ ಸತ್ತರು. ಜೊತೆಗೆ ಸತ್ತ 12 ದಾಳಿಕೋರರು ನಗರದಂಚಿನ ಸಿದಿ ಮೂಮೆನ್ ಕೊಳೆಗೇರಿಯ ಕಡೆಯ ಹುಡುಗರು. ಸಮೀಕ್ಷೆಯ ಸರಾಸರಿ ಇವರ ಬಗ್ಗೆ ಏನನ್ನೂ ಹೇಳುವುದಿಲ್ಲ. ನಿರ್ದೇಶಕ ನಬೀಲ್ ಅಯೂಷ್ ಅವರ 'ಹಾರ್ಸಸ್ ಆಫ್ ಗಾಡ್' (2012) ಹೇಳುತ್ತದೆ. ಮಾಹಿ ಬಿನ್‌ಬಿನ್ ಅವರ ಕಾದಂಬರಿಯನ್ನು ಆಧರಿಸಿದ ಈ ಸಿನಿಮಾ ಬಾಂಬಿನ ಕಡೆಯಿಂದ ಹಿಂದಕ್ಕೆ ನೋಡದೆ ಕಾಲ್ಚೆಂಡಾಟದಿಂದ ಶುರುವಾಗುತ್ತದೆ. ತಾರಿಕ್ ಎಂಬ ಹುಡುಗ ಸೋವಿಯತ್ ಗೋಲ್‌ಕೀಪರ್ ಲೆವ್ ಯಾಶಿನ್‌ನ ಅಭಿಮಾನಿ. ಎಲ್ಲರಿಗೂ ಅವನು ಯಾಶಿನ್. ಅವನ ಬೆನ್ನಿಗೆ ನಿಲ್ಲುವವನು ರೌಡಿ ಅಣ್ಣ ಹಮೀದ್ ಒಬ್ಬನೇ. ಆ ಪಾತ್ರಗಳನ್ನು ಮಾಡಿದವರು ವೃತ್ತಿನಟರಲ್ಲ, ನಿಜಜೀವನದಲ್ಲೂ ಅಣ್ಣತಮ್ಮಂದಿರು. ಅದಕ್ಕೇ ಇರಬೇಕು, ಇಬ್ಬರೂ ಮಾತಿಲ್ಲದೆ ಪಕ್ಕಪಕ್ಕ ಕೂತಾಗಲೂ ದೃಶ್ಯ ತುಂಬಿರುತ್ತದೆ.

ಹಮೀದ್ ಜೈಲಿಗೆ ಹೋಗಿ ಗಡ್ಡ ಬಿಟ್ಟು, ಕುಡಿತ ಬಿಟ್ಟು ಬರುತ್ತಾನೆ. ಯಾಶಿನ್‌ಗೆ ಆ ಹೊಸ ಅಣ್ಣ ಬೇಕಿಲ್ಲ. ಒಂದು ರಾತ್ರಿ ಅವನು ಕೆಲಸ ಮಾಡುವ ಗ್ಯಾರೇಜಿನ ಮಾಲೀಕ, ಅವನ ಗೆಳೆಯನ ಮೈಮೇಲೆ ಕೈಹಾಕಲು ಹೋಗಿ ಯಾಶಿನ್‌ನ ಏಟಿಗೆ ಸಾಯುತ್ತಾನೆ. ಪೊಲೀಸರ ಹತ್ತಿರ ಹೋಗುವುದುಂಟೇ? ಅಣ್ಣನ 'ಸಹೋದರರು' ಬಂದು ಎಲ್ಲವನ್ನೂ ಸದ್ದಿಲ್ಲದೆ ಮುಚ್ಚಿಹಾಕುತ್ತಾರೆ. ನನ್ನ ಮಟ್ಟಿಗೆ ಇಡೀ ಚಿತ್ರದ ಕೀಲು ಇಲ್ಲಿದೆ. ಯಾಶಿನ್ ಒಳಗೆ ಹೋದದ್ದು ಪ್ರವಚನ ಕೇಳಿ ಅಲ್ಲ, ಹಸಿವಿಗೂ ಅಲ್ಲ, ಋಣ ಬಿದ್ದು. ಅನುಕೂಲಸ್ಥರ ಮಗನಿಗೆ ಇಂಥ ಹೊತ್ತಿನಲ್ಲಿ ಚಿಕ್ಕಪ್ಪನೋ ವಕೀಲನೋ ಸಿಗುತ್ತಾನೆ. ಸಿದಿ ಮೂಮೆನ್‌ನಲ್ಲಿ ಸಿಕ್ಕವರು ಇವರು. ಆಮೇಲೆ ಸ್ವಚ್ಛ ಬಟ್ಟೆ, ಹೊತ್ತುಹೊತ್ತಿಗೆ ನಮಾಜು, ಹೆಸರು ಹಿಡಿದು ಗೌರವದಿಂದ ಕರೆಯುವ ಹಿರಿಯರು. ಬೋಧನೆ ಬರುವ ಹೊತ್ತಿಗೆ ಹುಡುಗ ಆಗಲೇ ಅವರವನಾಗಿರುತ್ತಾನೆ.

ಇಷ್ಟು ಸೂಕ್ಷ್ಮವಾಗಿ ಕಟ್ಟಿದ ಅಯೂಷ್ ಬೇರೆ ಕಡೆ ಅವಸರ ಮಾಡುತ್ತಾರೆ. ಪ್ರತಿ ಹುಡುಗನಿಗೂ ಒಂದೊಂದು ಗಾಯ ಹಂಚಿಟ್ಟಿದ್ದಾರೆ: ಅತ್ಯಾಚಾರ, ಕೆಲಸಕ್ಕೆ ಬಾರದ ತಂದೆ, ಕೈಗೆಟುಕದ ಹುಡುಗಿ. ಗಾಯ ಇದ್ದರೆ ಬಾಂಬ್ ಗ್ಯಾರಂಟಿ ಎನ್ನುವ ಹಾಗೆ. ಯಾಶಿನ್ ಮೆಚ್ಚಿದ ಘಿಸ್ಲೇನ್‌ಗೆ ಕನಸಾಗಿರುವುದನ್ನು ಬಿಟ್ಟು ಬೇರೆ ಕೆಲಸವಿಲ್ಲ. ಅದಕ್ಕಿಂತ ದೊಡ್ಡ ಕೊರತೆ ದುಡ್ಡಿನದು. ಸ್ಫೋಟಕಕ್ಕೆ, ಪ್ರಯಾಣಕ್ಕೆ, ತರಬೇತಿಗೆ ಯಾರೋ ಕೊಟ್ಟಿರಲೇಬೇಕು. ಅವರು ಆ ತಗಡಿನ ಮನೆಗಳಲ್ಲಿ ಇರುವವರಂತೂ ಅಲ್ಲ. ಕ್ಯಾಮೆರಾ ಕೊಳೆಗೇರಿಯ ಛಾವಣಿಗಳ ಮೇಲೆ ಬೇಕಾದಷ್ಟು ಹಾರಾಡುತ್ತದೆ, ದುಡ್ಡು ಕೊಟ್ಟವರ ಮನೆಗಳ ಕಡೆಗೆ ಮಾತ್ರ ಹಾರುವುದಿಲ್ಲ. ಬಡವರನ್ನು ಮಾತ್ರ ತೋರಿಸಿದರೆ ಉಗ್ರವಾದ ಬಡವರದೇ ಕಾಯಿಲೆ ಎಂದು ನಂಬುವುದು ಪ್ರೇಕ್ಷಕನಿಗೂ ಸುಲಭ, ಸರ್ಕಾರಕ್ಕೂ ಸುಲಭ. ದಾಳಿಯ ಮರುವರ್ಷ ಮೊರಾಕ್ಕೊ ಸರ್ಕಾರ ಕೊಳೆಗೇರಿಗಳನ್ನೇ ಇಲ್ಲವಾಗಿಸುವ ಯೋಜನೆ ಘೋಷಿಸಿತು. ಮನೆ ಸಿಕ್ಕಿದ್ದು ಒಳ್ಳೆಯದೇ. ಆದರೆ ಅಯೂಷ್ ಮತ್ತು ಬಿನ್‌ಬಿನ್ 2014ರಲ್ಲಿ ಸಿದಿ ಮೂಮೆನ್‌ನಲ್ಲೇ ತೆರೆದ ಸಾಂಸ್ಕೃತಿಕ ಕೇಂದ್ರ ನನಗೆ ಹೆಚ್ಚು ಚುರುಕಿನ ಉತ್ತರವೆನಿಸುತ್ತದೆ. ಮಕ್ಕಳಿಗೆ ಋಣದ ಹಂಗಿಲ್ಲದೆ ಸೇರಲು ಅಲ್ಲಿ ಇನ್ನೊಂದು ಗುಂಪು ಸಿಕ್ಕಿತು.

ಕೊನೆಯ ರಾತ್ರಿ ಹಿಂಜರಿಯುವವನು, ತಮ್ಮನನ್ನು ಒಳಗೆ ಕರೆತಂದ ಹಮೀದ್. ಯಾಶಿನ್ ಹಿಂಜರಿಯುವುದಿಲ್ಲ. ಇಬ್ಬರಿಗೂ ಅದೇ ತಾಯಿ, ಅದೇ ಗುಡಿಸಲು, ಅದೇ ಗುರು. ನಿಜ ಘಟನೆಯಲ್ಲೂ ದಾಳಿಗೆ ಹೊರಟವರೆಲ್ಲ ಸಾಯಲಿಲ್ಲ. ಬದುಕುಳಿದವರು ನ್ಯಾಯಾಲಯದಲ್ಲಿ ನಿಂತರು. ಒಬ್ಬನ ಕೈ ಏಕೆ ತಡೆಯಿತು, ಇನ್ನೊಬ್ಬನದೇಕೆ ತಡೆಯಲಿಲ್ಲ ಎಂಬುದಕ್ಕೆ ಅಯೂಷ್ ಕೆಲವೇ ಗಳಿಗೆ ಕೊಡುತ್ತಾರೆ. ನನಗೆ ಆ ಭಾಗವೇ ಒಂದು ಪೂರ್ತಿ ಸಿನಿಮಾ ಆಗಬೇಕಿತ್ತು.