ಅಜ್ಜಿ ನೋಡಿದ ವರ

‘ಕ್ರಾಸಿಂಗ್ ಡೆಲಾನ್ಸಿ’ (1988) ಪ್ರೇಮದ ಸಿನಿಮಾ. ಆದರೂ ಅದರಲ್ಲಿ ನನಗೆ ತುಂಬ ಹಿಡಿಸಿದ ದೃಶ್ಯದಲ್ಲಿ ಪ್ರೇಮಿಗಳೇ ಇಲ್ಲ. ಮೊಮ್ಮಗಳು ಚಿಮಟ ಹಿಡಿದು ಅಜ್ಜಿಯ ಗಲ್ಲದ ಕೂದಲನ್ನು ಒಂದೊಂದಾಗಿ ಕೀಳುತ್ತಾಳೆ. ಅಜ್ಜಿ ನಂಬಿಕೆಯಿಂದ ಮುಖ ಎತ್ತಿ ಕೊಟ್ಟು ಕೂತಿದ್ದಾಳೆ. ಆ ಮುದುಕಿ ಒಬ್ಬ ಹುಡುಗನನ್ನು ನೋಡಿಟ್ಟಿದ್ದೇನೆ ಎಂದರೆ ಮೊಮ್ಮಗಳು ರೇಗಬಹುದು, ಎದ್ದು ಹೋಗಲಾರಳು ಎಂಬುದು ನಮಗೆ ಅಲ್ಲೇ ಗೊತ್ತಾಗಿಬಿಡುತ್ತದೆ.

ಮೊಮ್ಮಗಳು ಇಸಬೆಲ್ (ಏಮಿ ಇರ್ವಿಂಗ್) ಮೂವತ್ತು ದಾಟಿದವಳು, ನ್ಯೂಯಾರ್ಕಿನ ಅಪ್ಪರ್ ವೆಸ್ಟ್ ಸೈಡಿನ ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಲೇಖಕರ ಓದು, ಸಹಿ ಹಾಕುವ ಸಂಜೆಗಳ ಏರ್ಪಾಡು ಅವಳದೇ. ಆಂಟನ್ ಎಂಬ ಕಾದಂಬರಿಕಾರನ ಮೇಲೆ ಅವಳಿಗೆ ಮನಸ್ಸು. ಅಜ್ಜಿ ಇರುವುದು ಊರಿನ ಇನ್ನೊಂದು ತುದಿಯಲ್ಲಿ, ಯಹೂದಿ ವಲಸಿಗರ ಹಳೆಯ ಕೇರಿಯಾದ ಲೋಯರ್ ಈಸ್ಟ್ ಸೈಡಿನಲ್ಲಿ, ಡೆಲಾನ್ಸಿ ರಸ್ತೆಯ ಆಸುಪಾಸಿನಲ್ಲಿ. ಅಜ್ಜಿ ಮದುವೆ ಕುದುರಿಸುವ ಹ್ಯಾನಾ ಮಂಡೆಲ್‌ಬಾಮ್‌ಳನ್ನು (ಸಿಲ್ವಿಯಾ ಮೈಲ್ಸ್) ಕರೆಸುತ್ತಾಳೆ. ಆಕೆ ಬಡಿಸಿದ್ದನ್ನೆಲ್ಲ ಬಾಯಿತುಂಬ ತಿನ್ನುತ್ತಲೇ ಸಂಬಂಧದ ಮಾತು ಮುಂದುವರಿಸುತ್ತಾಳೆ. ವರನ ಹೆಸರು ಸ್ಯಾಮ್ ಪೋಸ್ನರ್ (ಪೀಟರ್ ರಿಗರ್ಟ್). ಕಸುಬು ಉಪ್ಪಿನಕಾಯಿ ವ್ಯಾಪಾರ. ನಮ್ಮ ಮಾವು, ನಿಂಬೆಯದಲ್ಲ. ಪೀಪಾಯಿಗಳಲ್ಲಿ ಉಪ್ಪುನೀರಿಗೆ ಹಾಕಿಟ್ಟು ಹುಳಿ ಬರಿಸಿದ ಸೌತೆಕಾಯಿ.

ಇದನ್ನು ಸಂಪ್ರದಾಯಕ್ಕೂ ಆಧುನಿಕತೆಗೂ ನಡೆಯುವ ಜಗಳ ಎಂದು ನೋಡುವವರಿದ್ದಾರೆ. ಕೊನೆಗೆ ಸಂಪ್ರದಾಯ ಗೆದ್ದಿತು, ಒಂಟಿಯಾಗಿ ಚೆನ್ನಾಗಿಯೇ ಬದುಕಿದ್ದ ಹೆಣ್ಣನ್ನು ಮದುವೆಯ ದಾರಿಗೆ ತಂದರು ಎಂಬ ಆಕ್ಷೇಪವೂ ಇದೆ. ನಾನು ಒಪ್ಪುವುದಿಲ್ಲ. ಇಸಬೆಲ್‌ಗೆ ಅಡ್ಡ ಬರುವುದು ಧರ್ಮವಲ್ಲ, ಅಂತಸ್ತು. ಕೈಯನ್ನು ಉಪ್ಪುನೀರಿಗೆ ಅದ್ದಿ ಬದುಕುವವನು ತನ್ನ ಪುಸ್ತಕದ ಲೋಕಕ್ಕೆ ಹೊಂದುವುದಿಲ್ಲ ಎಂಬ ತಾತ್ಸಾರ ಅವಳದು. ಅದೇ ಅವಳು ಹೆಂಡತಿಯಿರುವ ಪರಿಚಯಸ್ಥನೊಬ್ಬ ಮನಸ್ಸು ಬಂದಾಗ ಬಂದು ಹೋಗುವುದನ್ನು ಸಹಿಸಿಕೊಂಡಿದ್ದಾಳೆ. ಸ್ಯಾಮ್‌ನನ್ನು ಗೆಳತಿಗೆ ದಾಟಿಸಿಬಿಡಲೂ ನೋಡುತ್ತಾಳೆ. ಅಲ್ಲಿ ಅವಳು ನಿಷ್ಠುರಳಾಗಿ ಕಾಣುತ್ತಾಳೆ. ಇರ್ವಿಂಗ್ ಅದನ್ನು ಮುಚ್ಚಿಡದೆ ಅಭಿನಯಿಸಿದ್ದಾರೆ.

ಸ್ಯಾಮ್‌ಗೆ ತನ್ನ ಕಸುಬಿನ ಬಗ್ಗೆ ನಾಚಿಕೆಯಿಲ್ಲ. ವೆನಿಲಾ ಹಾಕಿದ ಹಾಲಿನಲ್ಲಿ ಕೈ ಅದ್ದಿದರೆ ಉಪ್ಪಿನಕಾಯಿಯ ವಾಸನೆ ಹೋಗುತ್ತದೆಂದು ಅವನಿಗೆ ಗೊತ್ತು, ಅದನ್ನು ಸಹಜವಾಗಿ ಹೇಳುತ್ತಾನೆ. ಹಳೆಯ ಟೋಪಿಯೊಂದು ಗಾಳಿಗೆ ಹಾರಿಹೋಗಿ ಹೊಸ ಹ್ಯಾಟು ಬಂದ ಮೇಲೆ ಬದುಕೇ ಬದಲಾದ ಗೆಳೆಯನ ಕತೆ ಹೇಳಿ, ಆಮೇಲೆ ಅವಳಿಗೊಂದು ಹ್ಯಾಟು ಕಳಿಸುತ್ತಾನೆ. ದಲ್ಲಾಳಿಯ ದಾರಿ ಅವನಿಗೂ ಒಗ್ಗಿದ್ದಲ್ಲ. ಅಜ್ಜಿಯ ಜೊತೆ ಕೂತಿದ್ದ ಇಸಬೆಲ್‌ಳನ್ನು ಅವನು ಮೊದಲೇ ಕಂಡು ಮೆಚ್ಚಿದ್ದ. ಅಂದರೆ ಹ್ಯಾನಾ ಮಾಡಿದ್ದು ಇಬ್ಬರನ್ನೂ ಒಂದು ಮೇಜಿನ ಮುಂದೆ ಕೂರಿಸಿದ್ದಷ್ಟೇ. ಕಾದಂಬರಿಕಾರ ಎಷ್ಟು ಮಾತಾಡಿದರೂ ಅದು ತನ್ನ ಕುರಿತೇ. ಇಸಬೆಲ್ ಹೇಳುವುದಕ್ಕೆ ಕಿವಿಗೊಡುವವನು ಅಂಗಡಿಯವನು. ಹೀಗೆ ಕಿವಿಗೊಡುವುದು ಯಾವ ಕಾಲದ್ದು, ಹಳೆಯದೋ ಹೊಸದೋ?

ನನಗೆ ಒಂದು ಕೊರತೆ ಕಾಣುತ್ತದೆ. ಕೊನೆಯಲ್ಲಿ ಆಂಟನ್ ಇಸಬೆಲ್‌ಳನ್ನು ಮನೆಗೆ ಕರೆದು, ತನಗೆ ಸಹಾಯಕಿಯೂ ಬೇಕಾಗಿದೆ ಎಂದು ಬಾಯಿಬಿಡುತ್ತಾನೆ. ಅವನನ್ನು ಅಷ್ಟು ಸಣ್ಣವನಾಗಿಸಿದ್ದರಿಂದ ಅವಳ ಆಯ್ಕೆ ಸುಲಭವಾಗಿಬಿಟ್ಟಿತು. ಇಬ್ಬರೂ ಯೋಗ್ಯರಾಗಿದ್ದು ಅವಳು ಆರಿಸಿದ್ದರೆ ಚಿತ್ರ ಇನ್ನೂ ಎತ್ತರಕ್ಕೆ ಹೋಗುತ್ತಿತ್ತು.

ಸೂಸನ್ ಸ್ಯಾಂಡ್ಲರ್ ತಮ್ಮದೇ ನಾಟಕವನ್ನು ಚಿತ್ರಕತೆಯಾಗಿಸಿದರು. ನಿರ್ದೇಶಕಿ ಜೋನ್ ಮಿಕ್ಲಿನ್ ಸಿಲ್ವರ್‌ಗೆ ಈ ಕೇರಿ ಹೊಸದಲ್ಲ. 1975ರಲ್ಲಿ ಅವರು ತೆಗೆದ ಕಪ್ಪು-ಬಿಳುಪಿನ ‘ಹೆಸ್ಟರ್ ಸ್ಟ್ರೀಟ್’ ಇಲ್ಲಿಗೇ ಬಂದಿಳಿದ ಹತ್ತೊಂಬತ್ತನೆಯ ಶತಮಾನದ ಕೊನೆಯ ವಲಸಿಗರ ಕತೆ. ಅದರ ಸಂಭಾಷಣೆ ಬಹುಪಾಲು ಆ ಯಹೂದಿ ವಲಸಿಗರ ಭಾಷೆಯಾದ ಯಿಡ್ಡಿಷ್‌ನಲ್ಲಿದೆ. ಅದಕ್ಕೆ ಹಣ ಹೊಂದಿಸಿ ನಿರ್ಮಾಪಕರಾದವರು ಕಟ್ಟಡಗಳ ವ್ಯವಹಾರದಲ್ಲಿದ್ದ ಅವರ ಪತಿ. ನಾಯಕಿ ಕ್ಯಾರಲ್ ಕೇನ್ ಆಸ್ಕರ್ ನಾಮನಿರ್ದೇಶನ ಪಡೆದರು. ಇಷ್ಟಾದ ಮೇಲೂ ‘ಕ್ರಾಸಿಂಗ್ ಡೆಲಾನ್ಸಿ’ಯ ಮುಂದೆ ಸ್ಟುಡಿಯೋಗಳು ಹಿಂಜರಿದವು, ಇದು ಒಂದೇ ಜನಾಂಗದವರ ಕತೆಯಾಯಿತು ಎಂದು. ಆಗ ಇರ್ವಿಂಗ್ ಅವರ ಪತಿಯಾಗಿದ್ದ ಸ್ಟೀವನ್ ಸ್ಪೀಲ್‌ಬರ್ಗ್ ಚಿತ್ರಕತೆ ಓದಿ ಮೆಚ್ಚಿ ದಾರಿ ತೋರಿಸಿದ್ದರಿಂದ ಅದು ವಾರ್ನರ್ ಬ್ರದರ್ಸ್ ಕೈಸೇರಿತು.

ಚಿತ್ರ ನೋಡುವವರು ಅಜ್ಜಿಯಿಂದ ಕಣ್ಣು ತೆಗೆಯಬೇಡಿ. ಆ ಪಾತ್ರ ಮಾಡಿದ ರೈಜಲ್ ಬೋಜಿಕ್ ಪೋಲೆಂಡಿನಲ್ಲಿ ಹುಟ್ಟಿದವರು, ಯಿಡ್ಡಿಷ್ ರಂಗಭೂಮಿಯಲ್ಲೇ ಬದುಕು ಸವೆಸಿದವರು. ಈ ಅಜ್ಜಿ ಮುದುಕರ ಆತ್ಮರಕ್ಷಣೆಯ ತರಗತಿಗೆ ಹೋಗಿ ಕೈಕಾಲು ಬೀಸುತ್ತಾಳೆ, ಮೊಮ್ಮಗಳ ಹಟಕ್ಕೆ ಪಟ್ಟು ಹಾಕುತ್ತಾಳೆ, ಬೇಕಾದಾಗ ಏನೂ ತಿಳಿಯದವಳಂತೆ ನಟಿಸುತ್ತಾಳೆ. ರಂಗದ ಮೇಲೆ ಹಿಂದಿನ ಸಾಲಿಗೂ ಮುಟ್ಟುವಂತೆ ಅಭಿನಯಿಸಿ ಅಭ್ಯಾಸವಾದ ಮುಖ ಕ್ಯಾಮೆರಾದೆದುರು ಅಗತ್ಯಕ್ಕಿಂತ ಒಂದಿಷ್ಟೂ ಹೆಚ್ಚು ಅಲುಗುವುದಿಲ್ಲ. ಎಪ್ಪತ್ತರ ಹೊಸ್ತಿಲು ದಾಟಿದ ಮೇಲೆ ಇಂಥ ಪಾತ್ರ ಸಿಕ್ಕಿತು ಅವರಿಗೆ, 1993ರಲ್ಲಿ ತೀರಿಕೊಂಡರು. ಚಿತ್ರರಂಗ ಅವರನ್ನು ಇನ್ನಷ್ಟು ಬೇಗ ಕರೆಯಬೇಕಿತ್ತು.