ಓಲಿನೆ ಕಳಿಸಿದ ಮೊಲ

ಕರೆಯದೆ ಬರುತ್ತಾಳೆ, ಬಂದವಳು ಹೋಗುವ ಮಾತೆತ್ತುವುದಿಲ್ಲ. ಬಾಯಿ ತೆರೆದರೆ ದೇವರ ಹೆಸರು. ಕಣ್ಣು ಮಾತ್ರ ಕೊಟ್ಟಿಗೆಯಲ್ಲಿ ಎಷ್ಟು ದನ, ಹಟ್ಟಿಯಲ್ಲಿ ಎಷ್ಟು ಕುರಿ ಎಂದು ಎಣಿಸುತ್ತಿರುತ್ತದೆ. ಮನೆಯಾಕೆಗೆ ದೂರದ ನಂಟು. ಹೆಸರು ಓಲಿನೆ. ನಮ್ಮ ಹಳ್ಳಿಗಳಲ್ಲಿ ಇಂಥವಳಿಗೆ ಮನೆಮುರುಕಿ ಎನ್ನುತ್ತಾರೆ.

ನಾರ್ವೆಯ ಕ್ನೂಟ್ ಹಾಮ್ಸುನ್ 1917ರಲ್ಲಿ ಪ್ರಕಟಿಸಿದ ‘ಮಾರ್ಕೆನ್ಸ್ ಗ್ರೋದೆ’ ಕಾದಂಬರಿಯಲ್ಲಿ ಬರುವವಳು ಈಕೆ. ಇಂಗ್ಲಿಷಿನಲ್ಲಿ ‘ಗ್ರೋತ್ ಆಫ್ ದಿ ಸಾಯಿಲ್’ ಎಂಬ ಹೆಸರಿನಿಂದ ನಮ್ಮಲ್ಲಿ ಅನೇಕರು ಓದಿದ್ದಾರೆ. 1920ರಲ್ಲಿ ಹಾಮ್ಸುನನಿಗೆ ನೊಬೆಲ್ ಬಂದದ್ದು ಇದೇ ಪುಸ್ತಕದ ಸಲುವಾಗಿ. ಮಣ್ಣಿನ ಮಹಾಕಾವ್ಯ ಎಂದು ಹೊಗಳಿದವರೇ ಎಲ್ಲರೂ. ಮೊದಲ ಸಲ ಓದಿದಾಗ ನಾನೂ ಮಣ್ಣನ್ನೇ ಕಂಡೆ. ಮೂರನೆಯ ಸಲ ಓದುವ ಹೊತ್ತಿಗೆ ಕಣ್ಣು ಹೊಲದಿಂದ ಒಳಮನೆಗೆ ಹೊರಳಿತ್ತು. ಇದು ಒಂದು ದಾಂಪತ್ಯದ ಕಥೆ ಎಂದು ಈಗ ನನಗೆ ಗಟ್ಟಿಯಾಗಿ ಅನ್ನಿಸಿದೆ. ಗಂಡ ಹೆಂಡತಿ ನಡುವೆ ಬಂದು ಕೂತ ಮೂರನೆಯವರು, ಅಲ್ಲಿ ಕಂಡದ್ದನ್ನು ಕೇಳಿದ್ದನ್ನು ಎಲ್ಲಿಗೆ ಹೊತ್ತುಕೊಂಡು ಹೋಗುತ್ತಾರೆ ಎಂಬುದರ ಕಥೆ.

ಉತ್ತರ ನಾರ್ವೆಯ ನೂರ್‌ಲಾನ್ ಸೀಮೆ. ಯಾರ ಹೆಸರಿಗೂ ಇಲ್ಲದ ಕಾಡು. ಐಸಾಕ್ ಎಂಬ ಒರಟು ಗಡ್ಡದ ಗಂಡಸು ಬೆನ್ನಿಗೊಂದು ಚೀಲ ಹಾಕಿಕೊಂಡು ನಡೆದು ಬರುತ್ತಾನೆ. ಜಾಗ ಹಿಡಿಸುತ್ತದೆ, ಹುಲ್ಲುಹೆಂಟೆಯ ಗುಡಿಸಲು ಕಟ್ಟುತ್ತಾನೆ, ಮೇಕೆ ತರುತ್ತಾನೆ. ದಾರಿಹೋಕ ಸಾಮಿ ಅಲೆಮಾರಿಗಳ ಹತ್ತಿರ, ಮನೆಗೆಲಸಕ್ಕೆ ಒಬ್ಬ ಹೆಂಗಸು ಸಿಕ್ಕರೆ ಹೇಳಿ ಎನ್ನುತ್ತಾನೆ. ಬಂದವಳು ಇಂಗೆರ್. ಗುಡ್ಡದಾಚೆ ನಂಟರ ಮನೆಗೆ ಹೊರಟಿದ್ದೆ ಎಂದು ನೆಪ ಹೇಳುತ್ತಾಳೆ. ಅವಳಿಗೆ ಸೀಳುತುಟಿ. ಮುಖಕ್ಕೆ ಮುಖ ಕೊಟ್ಟು ಮಾತಾಡಳು. ಊರಲ್ಲಿ ಯಾರೂ ಕಟ್ಟಿಕೊಳ್ಳದ ಹೆಣ್ಣು, ಅವಳನ್ನು ಕಂಡು ಇದು ನನ್ನ ಭಾಗ್ಯ ಎಂದುಕೊಂಡ ಗಂಡು. ಕೆಲವು ದಿನ ಇದ್ದು, ನನ್ನ ಹಸು ತರುತ್ತೇನೆ ಎಂದು ಅವಳು ಹೊರಟಾಗ, ಇವಳಿನ್ನು ಬಾರಳು ಎಂದು ಆತ ಒಳಗೇ ಕುಸಿಯುತ್ತಾನೆ. ಅವಳು ಹಸುವಿನೊಡನೆ ಬಂದೇ ಬರುತ್ತಾಳೆ. ಪ್ರೀತಿಯ ಮಾತು ಒಂದೂ ಆಡದೆ ಪ್ರೀತಿಯನ್ನು ಇಷ್ಟು ಪೂರ್ತಿಯಾಗಿ ಹೇಳಿದ ಪುಟಗಳು ಬಹಳ ಇಲ್ಲ.

ಎಲೆಸೆಯುಸ್, ಸೀವೆರ್ತ್ ಎಂಬ ಎರಡು ಗಂಡುಮಕ್ಕಳಾಗುತ್ತವೆ. ಇಬ್ಬರ ತುಟಿಯೂ ನೆಟ್ಟಗಿದೆ. ಮೂರನೆಯ ಬಸುರಿನಲ್ಲಿ ಒಬ್ಬ ಅಲೆಮಾರಿ ಬಂದು ಚೀಲ ಬಿಚ್ಚಿ ಬಸುರಿಯ ಕಣ್ಣೆದುರು ಒಂದು ಮೊಲವನ್ನು ತೋರಿಸುತ್ತಾನೆ. ಕಳಿಸಿದವಳು ಓಲಿನೆ. ಬಸುರಿ ಮೊಲ ನೋಡಿದರೆ ಹುಟ್ಟುವ ಕೂಸಿಗೆ ಮೊಲದ ತುಟಿ ಬರುತ್ತದೆ ಎಂಬುದು ಆ ಸೀಮೆಯ ನಂಬಿಕೆ. ಗ್ರಹಣದ ಹೊತ್ತಿನಲ್ಲಿ ಬಸುರಿ ಹೊರಗೆ ಬಂದರೆ ಕೂಸಿನ ತುಟಿ ಸೀಳುತ್ತದೆ ಎಂದು ನಮ್ಮ ಅಜ್ಜಿಯರು ಬಾಗಿಲು ಹಾಕಿ ಕೂರಿಸುತ್ತಿದ್ದರಲ್ಲ, ಅದೇ ಭಯ. ಇಲ್ಲಿ ಆಕಾಶದ ರಾಹು, ಅಲ್ಲಿ ಚೀಲದ ಮೊಲ. ವೈದ್ಯರು ಇದಕ್ಕೆ ಬುಡವಿಲ್ಲ ಎಂದು ಹೇಳಿಯಾಗಿದೆ. ಆದರೆ ಬಾಲ್ಯವಿಡೀ ತುಟಿಗೆ ಕೈ ಅಡ್ಡ ಹಿಡಿದು ಬೆಳೆದ ಇಂಗೆರ್‌ಗೆ ಅದನ್ನು ಹೇಳುವವರು ಯಾರು? ಓಲಿನೆಗೆ ಗೊತ್ತಿದ್ದದ್ದು ಇದೇ: ಹೊಡೆಯಲು ಕೋಲು ಬೇಡ, ಎಲ್ಲಿ ನೋಯುತ್ತದೆ ಎಂದು ತಿಳಿದಿದ್ದರೆ ಸಾಕು.

ಹುಟ್ಟಿದ್ದು ಹೆಣ್ಣು, ಸೀಳುತುಟಿಯದು. ಐಸಾಕ್ ಊರಿಗೆ ಹೋಗಿದ್ದ. ಆ ಮಗು ತನ್ನ ಹಾಗೆ ಬದುಕುವುದು ಬೇಡ ಎಂದು ಇಂಗೆರ್ ಅದರ ಉಸಿರು ನಿಲ್ಲಿಸಿ ಕಾಡಿನಲ್ಲಿ ಹೂಳುತ್ತಾಳೆ. ಓಲಿನೆ ಬಂದು ಮೂಸಿ ನೋಡುತ್ತಾಳೆ, ಕುಣಿ ಪತ್ತೆ ಮಾಡುತ್ತಾಳೆ. ಮೊಲ ಕಳಿಸಿದವಳು ನೀನೇ ತಾನೆ ಎಂದು ಇಂಗೆರ್ ಅವಳ ಮೇಲೆ ಬಿದ್ದು ಹೊಡೆದ ನಂತರ ಸುದ್ದಿ ಊರು ಮುಟ್ಟುತ್ತದೆ, ಅಲ್ಲಿಂದ ಅಧಿಕಾರಿಯ ಕಿವಿ ಮುಟ್ಟುತ್ತದೆ.

ಇಲ್ಲಿ ನಾನು ಪ್ರತಿ ಸಲವೂ ಪುಸ್ತಕ ಮಡಿಚಿ ಕೂತುಬಿಡುತ್ತೇನೆ. ಓಲಿನೆ ಹೇಳಿದ್ದು ಸುಳ್ಳಲ್ಲ. ಒಂದು ಮಗು ಸತ್ತಿದೆ, ಕೊಂದವಳು ತಾಯಿ. ಆ ಸಾವಿಗೆ ಕೇಳುವವರಿರಬೇಕು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಓಲಿನೆ ಅದನ್ನು ಹೊತ್ತೊಯ್ದದ್ದು ಮಗುವಿಗಾಗಿ ಅಲ್ಲ. ಸುಳ್ಳಿನ ಚಾಡಿಗೆ ಒಂದಲ್ಲ ಒಂದು ದಿನ ಬಣ್ಣ ಬಯಲಾಗುತ್ತದೆ. ನಿಜದ ಚಾಡಿಗೆ ಉತ್ತರವೇ ಇಲ್ಲ. ಹಾಮ್ಸುನನ ವಿಷಯದಲ್ಲಿ ಇನ್ನೊಂದು ಸಂಗತಿ ಇದೆ. ಈ ಕಾದಂಬರಿಗೆ ಎರಡು ವರ್ಷ ಮೊದಲು, 1915ರಲ್ಲಿ, ಹಸುಗೂಸುಗಳನ್ನು ಕೊಲ್ಲುವವರನ್ನು ಗಲ್ಲಿಗೇರಿಸಬೇಕು ಎಂದು ಆತ ‘ಮೋರ್ಗೆನ್‌ಬ್ಲಾದೆ’ ಪತ್ರಿಕೆಯಲ್ಲಿ ಬರೆದಿದ್ದ. ಅದೇ ಕೈ ಇಂಗೆರ್ ಮೇಲೆ ಕಲ್ಲೆಸೆಯಲಿಲ್ಲ. ಪತ್ರಿಕೆಗೆ ಬರೆಯುವಾಗ ಎದುರಿಗೆ ಮುಖವಿರಲಿಲ್ಲ, ಇಲ್ಲಿ ಇತ್ತು.

ಐಸಾಕ್ ಏನು ಮಾಡುತ್ತಾನೆ? ಕೂಗುವುದಿಲ್ಲ, ಹೊಡೆಯುವುದಿಲ್ಲ. ಹೀಗೆ ಮಾಡಬಾರದಿತ್ತು ಎಂಬಷ್ಟೇ ಅವನಿಂದ ಹೊರಡುತ್ತದೆ. ಆಮೇಲೆ ಕೆಲಸಕ್ಕೆ ಹೋಗುತ್ತಾನೆ. ಅವನ ಒಡಲಲ್ಲಿ ಏನು ಕುದಿಯಿತು ಎಂದು ಹಾಮ್ಸುನ್ ಬಿಡಿಸಿ ಹೇಳುವುದಿಲ್ಲ. ಇಂಗೆರ್‌ಗೆ ಎಂಟು ವರ್ಷ ಶಿಕ್ಷೆಯಾಗುತ್ತದೆ. ಟ್ರೋಂಡ್‌ಹೈಮ್ ಸೆರೆಮನೆಗೆ ಹೋದವಳು ಅಲ್ಲೇ ಇನ್ನೊಂದು ಹೆಣ್ಣು ಹೆರುತ್ತಾಳೆ.

ಹೆಂಡತಿಯಿಲ್ಲದ ಮನೆಯಲ್ಲಿ ಅನ್ನ ಬೇಯಿಸಲು ಬಂದು ಕೂರುವವಳು ಯಾರು? ಓಲಿನೆಯೇ. ಬೇರೆ ಯಾರೂ ಆ ಕಾಡಿಗೆ ಬರಲೊಲ್ಲರು. ತನ್ನ ಮನೆ ಮುರಿದವಳ ಕೈಯಡುಗೆಯನ್ನೇ ಐಸಾಕ್ ವರ್ಷಗಟ್ಟಲೆ ಉಣ್ಣಬೇಕು. ಒಂದು ದಿನ ಕುರಿ ಎಣಿಸುತ್ತಾನೆ, ಒಂದು ಕಡಿಮೆ. ಮತ್ತೆ ಎಣಿಸುತ್ತಾನೆ. ಲೆಕ್ಕದಲ್ಲಿ ನಿಧಾನದ ಮನುಷ್ಯ, ಹಾಗಾಗಿ ತಪ್ಪುವುದಿಲ್ಲ. ಕೇಳಿದರೆ ಓಲಿನೆಯ ಬಾಯಿ ಮಳೆಗಾಲದ ತೊರೆ. ಕುರಿಯ ಮಾತು ಬಿಟ್ಟು ತನ್ನ ಮಾನ, ತನ್ನ ಸೇವೆ, ಸೆರೆಯಲ್ಲಿರುವವಳ ಗುಣ, ಪರಲೋಕ ಎಲ್ಲವೂ ಬರುತ್ತವೆ. ಕೊನೆಗೆ ಕೇಳಿದವನೇ ತಪ್ಪಿತಸ್ಥನಂತೆ ನಿಲ್ಲುತ್ತಾನೆ.

ಆದರೂ ಓಲಿನೆಯನ್ನು ರಾಕ್ಷಸಿ ಎಂದು ಬದಿಗೆ ಸರಿಸಲು ನನ್ನಿಂದಾಗದು. ಐಸಾಕನಿಗೆ ನೆಲವಿದೆ, ಇಂಗೆರ್‌ಗೆ ಹಸುವಿದೆ. ಈ ಮುದುಕಿಗೆ ನಾಲಿಗೆಯೊಂದೇ ಆಸ್ತಿ. ಯಾರದೋ ಒಲೆಯ ಮುಂದೆ ಒಂದು ಚಳಿಗಾಲ ಕಳೆಯಬೇಕಾದರೆ ಅದನ್ನೇ ಉಳಬೇಕು. ಮುಂದೆ ನೆರೆಯ ಒಕ್ಕಲಿಗ ಆಕ್ಸೆಲ್ ಹಿಮದ ನಡುವೆ ಉರುಳಿದ ಮರದಡಿ ಸಿಕ್ಕಿಕೊಂಡಾಗ, ನೋಡಿಯೂ ನೋಡದಂತೆ ಹಾದು ಹೋದವನು ಒಬ್ಬ ಗಂಡಸು. ಬಿಡಿಸಿದವಳು ಓಲಿನೆ. ಆ ಉಪಕಾರವನ್ನು ಅವಳು ಅವನ ಮನೆಯಲ್ಲೇ ಕೂತು ಬಾಳಿಡೀ ಹೇಳಿ ತೀರಿಸಿಕೊಂಡಳು ಎಂಬುದು ಬೇರೆ ಮಾತು. ಜೀವ ಉಳಿಸಿದ್ದಂತೂ ಅವಳೇ.

ಗೈಸ್ಲೆರ್ ಎಂಬ ಹಳೆಯ ಅಧಿಕಾರಿಯ ಓಡಾಟದಿಂದ ಇಂಗೆರ್ ಅವಧಿಗೆ ಮೊದಲೇ ಬಿಡುಗಡೆಯಾಗಿ ಬರುತ್ತಾಳೆ. ತುಟಿಗೆ ಶಸ್ತ್ರಚಿಕಿತ್ಸೆಯಾಗಿದೆ. ಜೊತೆಗೆ ಹೊಲಿಗೆಯಂತ್ರ ಬಂದಿದೆ, ಪಟ್ಟಣದ ನಡೆ ನುಡಿ ಬಂದಿದೆ. ಓಲಿನೆಯ ಚಾಡಿಗಿಂತ ದೊಡ್ಡ ಪರೀಕ್ಷೆ ಶುರುವಾಗುವುದು ಈಗ. ಗುಡಿಸಲಿನಂಥ ಮನೆ ಅವಳಿಗೆ ಇಕ್ಕಟ್ಟು. ತಂತಿ ಹಾಕಲು ಬಂದ ಕೂಲಿಯಾಳುಗಳು, ತಾಮ್ರದ ಗಣಿಗೆ ಬಂದ ಗುಸ್ತಾಫ್ ಎಂಬ ಸ್ವೀಡಿಷ್ ಹುಡುಗ, ಅವಳಿಗೆ ಸುಂದರಿ ಎನ್ನುವವರು ನಲವತ್ತರ ಹೊತ್ತಿಗೆ ಮೊದಲ ಸಲ ಸಿಗುತ್ತಾರೆ. ಅವಳು ಜಾರುತ್ತಾಳೆ, ಅಳುತ್ತಾಳೆ, ದೇವರ ಕಡೆ ತಿರುಗುತ್ತಾಳೆ. ಪಟ್ಟಣ ಸೇರಿದ ಹಿರಿಮಗನಿಗೆ ಗಂಡನ ದುಡ್ಡನ್ನು ಕದ್ದು ಕಳಿಸುತ್ತಾಳೆ. ಅದು ಸಿಕ್ಕಿದ ದಿನ ಐಸಾಕ್ ಅವಳನ್ನು ಎತ್ತಿ ನೆಲಕ್ಕೆ ಕುಕ್ಕುತ್ತಾನೆ, ಆಮೇಲೆ ಅವಳು ಮೆತ್ತಗಾದಳು ಎಂದು ಹಾಮ್ಸುನ್ ಬರೆಯುತ್ತಾನೆ. ಇದನ್ನು ನಾನು ಒಪ್ಪಲಾರೆ. ಕೈ ಮಾಡಿದ್ದರಿಂದ ಮನೆ ಉಳಿಯಿತು ಎಂಬುದು ಗಂಡಸರು ತಮಗೆ ತಾವೇ ಹೇಳಿಕೊಳ್ಳುವ ಕಥೆ. ಸಾಮಿ ಜನರನ್ನು ಆತ ಚಿತ್ರಿಸುವ ತಾತ್ಸಾರವೂ ಹಾಗೆಯೇ, ಪ್ರತಿ ಓದಿನಲ್ಲೂ ಚುಚ್ಚುತ್ತದೆ.

ಮನೆ ಉಳಿದದ್ದು ಬೇರೆ ಕಡೆ. ಐಸಾಕ್ ಒಂದು ದೊಡ್ಡ ಬಂಡೆ ಎಬ್ಬಿಸುತ್ತಿದ್ದಾನೆ. ಸುತ್ತ ಅಗೆದಿದ್ದಾನೆ, ಹಾರೆ ಕೊಟ್ಟಿದ್ದಾನೆ, ಅದು ಅಲ್ಲಾಡುತ್ತಿಲ್ಲ. ವಯಸ್ಸಾಗಿದೆ. ಆಗ ಇಂಗೆರ್ ಬರುವುದು ಕಾಣುತ್ತದೆ. ಕೈಲಾಗದ್ದು ಅವಳ ಕಣ್ಣಿಗೆ ಬೀಳುವುದು ಬೇಡ, ಅವಳು ಹೋದರೆ ಸಾಕು ಎಂದುಕೊಳ್ಳುತ್ತಾನೆ. ಅವಳು ಹೋಗುವುದಿಲ್ಲ. ನಾನೂ ಭಾರ ಬಿಡಲೇ ಎನ್ನುತ್ತಾಳೆ. ಹುಲ್ಲು ಕೊಯ್ಯುವ ಯಂತ್ರ ತಂದ ದಿನವೂ ಇದೇ ಮನುಷ್ಯ, ಓದಲು ಬಾರದಿದ್ದರೂ ಕನ್ನಡಕ ಏರಿಸಿ ಕಾಗದ ಓದಿದಂತೆ ನಟಿಸಿದ್ದ. ಅವನ ನಟನೆ ಅವಳಿಗೆ ಗೊತ್ತು, ಗೊತ್ತಿದೆ ಎಂದು ತೋರಿಸುವುದಿಲ್ಲ. ಹಾರೆಯ ಮೇಲೆ ಇಬ್ಬರ ಭಾರ ಬೀಳುವ ಆ ಪುಟದಲ್ಲಿ ಮೂರನೆಯವರ ಹೆಜ್ಜೆಯ ಸದ್ದಿಲ್ಲ.

ಮೂರನೆಯವರೆಲ್ಲ ಓಲಿನೆಯರಲ್ಲ. 1943ರಲ್ಲಿ ಬಂದ ಶಿವರಾಮ ಕಾರಂತರ ‘ಬೆಟ್ಟದ ಜೀವ’ವನ್ನು ಇದರ ಪಕ್ಕಕ್ಕೆ ಇಟ್ಟು ಓದಬೇಕು. ಕುಮಾರಪರ್ವತದ ಬುಡದಲ್ಲಿ ಕಾಡು ಕಡಿದು ತೋಟ ಮಾಡಿದ ಗೋಪಾಲಯ್ಯ ಮತ್ತು ಶಂಕರಮ್ಮ. ದಾರಿ ತಪ್ಪಿ ಬಂದ ಅತಿಥಿಯನ್ನು ಬಿಡದೆ ಉಳಿಸಿಕೊಳ್ಳುತ್ತಾರೆ. ಮನೆ ಬಿಟ್ಟು ಹೋದ ಮಗ ಶಂಭುವಿನ ಸಂಕಟವನ್ನು ಗಂಡನೂ ಹೆಂಡತಿಯೂ ಆ ಅತಿಥಿಯ ಮುಂದೆ ತೋಡಿಕೊಳ್ಳುತ್ತಾರೆ. ಒಬ್ಬರದನ್ನು ಇನ್ನೊಬ್ಬರಿಗೆ ಚುಚ್ಚಲು ಬೇಕಾದ ಸರಕೆಲ್ಲ ಅವನ ಕೈಯಲ್ಲಿದೆ. ಆತ ಕೇಳಿಸಿಕೊಳ್ಳುತ್ತಾನೆ. ಆ ಮುದುಕರಿಗೆ ಬೇಕಾಗಿದ್ದದ್ದೂ ಅಷ್ಟೇ.

ಹಾಮ್ಸುನನ ಸ್ವಂತ ಮನೆಗೂ ಒಬ್ಬ ಮೂರನೆಯವನು ಬಂದ. ನಟಿಯಾಗಿದ್ದ ಮಾರಿಯೆಯನ್ನು ಆತ ಮದುವೆಯಾದದ್ದು 1909ರಲ್ಲಿ. ರಂಗಭೂಮಿ ಬಿಡಿಸಿ, 1911ರಲ್ಲಿ ಹಾಮರೋಯ್‌ನಲ್ಲಿ ಜಮೀನು ಕೊಂಡು ಅಲ್ಲಿಗೆ ಕರೆದೊಯ್ದ. ಆತ ಬರೆಯಲು ಹೊರಗೆಲ್ಲೋ ಬಾಡಿಗೆ ಕೋಣೆ ಹಿಡಿದಾಗ ದನಕರು, ಆಳುಕಾಳು, ಮಕ್ಕಳು ಎಲ್ಲ ಮಾರಿಯೆಯ ಪಾಲು. ಐಸಾಕನ ದುಡಿಮೆಯ ಒಂದು ಪಾಲು ಈ ಹೆಂಗಸಿನದು ಎಂದು ನಾನು ನಂಬುತ್ತೇನೆ. ಮುಂದೆ ಇಬ್ಬರೂ ನಾಜಿಗಳ ಪಕ್ಷ ವಹಿಸಿದರು. 1943ರಲ್ಲಿ ಆತ ತನ್ನ ನೊಬೆಲ್ ಪದಕವನ್ನು ಗೊಬೆಲ್ಸ್‌ಗೆ ಕಳಿಸಿಕೊಟ್ಟ, 1945ರ ಮೇ ತಿಂಗಳಲ್ಲಿ ಹಿಟ್ಲರನಿಗೆ ಶ್ರದ್ಧಾಂಜಲಿ ಬರೆದ. ಮಣ್ಣಿನ ಮೇಲಿನ ಪ್ರೀತಿ ಅವನನ್ನು ಇದರಿಂದ ಕಾಯಲಿಲ್ಲ. ಅದನ್ನು ಮರೆಸಿ ಈ ಪುಸ್ತಕವನ್ನು ಯಾರ ಕೈಗೂ ಕೊಡಲಾರೆ.

ಯುದ್ಧ ಮುಗಿದ ಮೇಲೆ ಓಸ್ಲೋದ ಮನೋವೈದ್ಯ ಗಾಬ್ರಿಯೇಲ್ ಲಾಂಗ್‌ಫೆಲ್ತ್ ಅವನನ್ನು ಪರೀಕ್ಷೆಗೆ ಇಟ್ಟುಕೊಂಡ. ಸೆರೆಯಲ್ಲಿದ್ದ ಮಾರಿಯೆಯನ್ನು ಕರೆಸಿ ಸಂಸಾರದ ಒಳಗಿನದನ್ನು ಕೇಳಿದ. ಅವಳು ಹೇಳಿದಳು. ಹೇಳಿದ್ದು ವರದಿ ಸೇರಿತು, ಗಂಡನಿಗೆ ತಿಳಿಯಿತು. ವೈದ್ಯ ಓಲಿನೆಯಲ್ಲ, ಅವನು ತನ್ನ ಕೆಲಸ ಮಾಡಿದ. ಆದರೆ ಒಳಮನೆಯ ಮಾತು ಹೊಸ್ತಿಲು ದಾಟಿತ್ತು. ಆತ ಅವಳ ಮುಖ ನೋಡಲೊಲ್ಲೆ ಎಂದ. 1948ರಲ್ಲಿ ಅವಳು ಸೆರೆಯಿಂದ ಹೊರಬಂದರೂ ನೋರ್‌ಹೋಲ್ಮ್‌ನ ಅವರ ಮನೆಯ ಬಾಗಿಲು ತೆರೆಯಲಿಲ್ಲ. 1950ರ ವಸಂತದಲ್ಲಿ ಕರೆ ಹೋಯಿತು, ಅವಳು ಬಂದಳು. ಆತನಿಗೆ ತೊಂಬತ್ತು ದಾಟಿತ್ತು, ಕಿವಿ ಪೂರ್ತಿ ಮಂದವಾಗಿತ್ತು. 1952ರ ಫೆಬ್ರವರಿಯಲ್ಲಿ ಆತ ಸಾಯುವ ತನಕ, ಮಾರಿಯೆ ಹೇಳಬೇಕಾದ್ದನ್ನೆಲ್ಲ ಅವನ ಪಕ್ಕದಲ್ಲೇ ಕೂತು, ಕಿವಿಗೆ ಬಾಯಿಟ್ಟು ಹೇಳಬೇಕಾಗಿತ್ತು.