ಏರದ ಕೂಲಿಯ ಲೆಕ್ಕ

ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲಿ ಕೂಲಿಯನ್ನು ಯಾರೂ ಗೊತ್ತುಮಾಡುವುದಿಲ್ಲ. ಬೇಡಿಕೆಯ ಗೆರೆಗೂ ಪೂರೈಕೆಯ ಗೆರೆಗೂ ಎಲ್ಲಿ ಗಂಟು ಬೀಳುತ್ತದೋ ಅದೇ ಕೂಲಿ. ಮಾಲೀಕ ಅದಕ್ಕಿಂತ ಹತ್ತು ರೂಪಾಯಿ ಕಡಿಮೆ ಕೊಟ್ಟನೆಂದರೆ ಸಂಜೆಯೊಳಗೆ ಕಾರ್ಖಾನೆ ಖಾಲಿ. ಸಂಬಳದ ದಿನ ಕಾದು ಕೂತವರಾರೂ ಇದನ್ನು ನಂಬಲಾರರು. ಕೇಂಬ್ರಿಜ್‌ನ ಜೋನ್ ರಾಬಿನ್ಸನ್ 1933ರಲ್ಲಿ ‘ದಿ ಎಕನಾಮಿಕ್ಸ್ ಆಫ್ ಇಂಪರ್ಫೆಕ್ಟ್ ಕಾಂಪಿಟಿಷನ್’ ಬರೆದಾಗ ಈ ಪಾಠದೊಳಗೇ ಒಂದು ಬಿರುಕು ತೋರಿಸಿದರು. ದುಡಿಮೆಯನ್ನು ಕೊಳ್ಳುವವನು ಒಬ್ಬನೇ ಆದರೆ ಏನಾಗುತ್ತದೆ? ಇನ್ನೊಬ್ಬ ಕೆಲಸಗಾರ ಬೇಕೆಂದರೆ ಕೂಲಿ ಏರಿಸಬೇಕು. ಅವನೊಬ್ಬನಿಗೆ ಏರಿಸಿದರೆ ಇದ್ದವರಿಗೆಲ್ಲ ಏರಿಸಬೇಕು. ಅದಕ್ಕೇ ಮಾಲೀಕ ಕಡಿಮೆ ಜನರನ್ನು ಕಡಿಮೆ ಕೂಲಿಗೆ ಇಟ್ಟುಕೊಂಡು ಸುಮ್ಮನಾಗುತ್ತಾನೆ. ಇದೇ ಮೊನಾಪ್ಸನಿ. ಇಂಥ ಕಡೆ ಸರ್ಕಾರ ಕನಿಷ್ಠ ವೇತನ ಹೇರಿದರೆ ಕೂಲಿಯೂ ಏರಬಹುದು, ಕೆಲಸವೂ ಹೆಚ್ಚಬಹುದು.

ಈ ವಿಚಾರ ಸುಮಾರು ಅರವತ್ತು ವರ್ಷ ಪಠ್ಯಪುಸ್ತಕಗಳ ಮೂಲೆಯಲ್ಲಿ ಬಿದ್ದಿತ್ತು. ಒಂದೇ ಗಣಿಯಿರುವ ಊರಿನ ಉದಾಹರಣೆ ಕೊಟ್ಟು, ಅಂಥ ಊರುಗಳು ಈಗೆಲ್ಲಿವೆ ಎಂದು ಮೇಷ್ಟ್ರುಗಳು ಮುಂದೆ ಸಾಗುತ್ತಿದ್ದರು.

ಮೂಲೆಯಿಂದ ಅದನ್ನು ಎತ್ತಿ ತಂದದ್ದು ಬರ್ಗರ್ ಅಂಗಡಿಗಳು. 1992ರ ಏಪ್ರಿಲ್ 1ರಂದು ನ್ಯೂಜೆರ್ಸಿ ರಾಜ್ಯ ಗಂಟೆಯ ಕನಿಷ್ಠ ವೇತನವನ್ನು 4.25 ಡಾಲರಿನಿಂದ 5.05ಕ್ಕೆ ಏರಿಸಿತು; ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎರಡೂ ಕಡೆಯ 410 ಫಾಸ್ಟ್‌ಫುಡ್ ಅಂಗಡಿಗಳನ್ನು ಏರಿಕೆಗೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ವಿಚಾರಿಸಿದರು. ಎಷ್ಟು ಜನ ಕೆಲಸಕ್ಕಿದ್ದಾರೆ, ಸಂಬಳ ಎಷ್ಟು, ಒಂದು ಪೂರ್ತಿ ಊಟಕ್ಕೆ ಬೆಲೆ ಎಷ್ಟು? 1994ರಲ್ಲಿ ಅಚ್ಚಾದ ಅವರ ಲೇಖನದ ಪ್ರಕಾರ ನ್ಯೂಜೆರ್ಸಿಯಲ್ಲಿ ಕೆಲಸ ಕಡಿಮೆಯಾದ ಕುರುಹೇ ಇರಲಿಲ್ಲ. ನೊಬೆಲ್ ಪುರಸ್ಕೃತ ಜೇಮ್ಸ್ ಬ್ಯುಕ್ಯಾನನ್ ಇಂಥ ಸಂಶೋಧನೆಯನ್ನು ಪತ್ರಿಕೆಯಲ್ಲಿ ಬೈದು ಬರೆದರು. ಇನ್ನಿಬ್ಬರು ಅರ್ಥಶಾಸ್ತ್ರಜ್ಞರು, ನ್ಯೂಮಾರ್ಕ್ ಮತ್ತು ವಾಷರ್, ಸಂಬಳದ ಪಟ್ಟಿಗಳನ್ನು ತಂದು ಫಲಿತಾಂಶ ತಿರುಗಿಸಲು ನೋಡಿದರು. 2000ದಲ್ಲಿ ಕಾರ್ಡ್-ಕ್ರೂಗರ್ ಸರ್ಕಾರಿ ದಾಖಲೆಗಳಿಂದ ಉತ್ತರ ಕೊಟ್ಟರು. ಕಾರ್ಡ್‌ಗೆ 2021ರಲ್ಲಿ ನೊಬೆಲ್ ಬಂತು. ಕ್ರೂಗರ್ 2019ರಲ್ಲೇ ತೀರಿಕೊಂಡಿದ್ದರು.

ಆ ಲೇಖನದಲ್ಲಿ ಹೊಗಳುವವರು ಸಾಮಾನ್ಯವಾಗಿ ದಾಟಿಹೋಗುವ ಒಂದು ಭಾಗವಿದೆ: ಊಟದ ಬೆಲೆ. ಮೊನಾಪ್ಸನಿಯ ಸರಳ ಮಾದರಿಯಂತೆ ನಡೆದಿದ್ದರೆ ಕೆಲಸಗಾರರು ಹೆಚ್ಚಬೇಕು, ಬರ್ಗರ್ ಹೆಚ್ಚಬೇಕು, ಬೆಲೆ ಇಳಿಯಬೇಕು. ನ್ಯೂಜೆರ್ಸಿಯಲ್ಲಿ ಬೆಲೆ ಪೆನ್ಸಿಲ್ವೇನಿಯಾಕ್ಕಿಂತ ಜಾಸ್ತಿ ಏರಿತ್ತು. ಇದು ಆ ಮಾದರಿಗೆ ಒಗ್ಗುವುದಿಲ್ಲವೆಂದು ಲೇಖಕರೇ ಬರೆದುಕೊಂಡರು. ಆ ಪ್ರಾಮಾಣಿಕತೆ ಆಮೇಲೆ ಬಂದವರಲ್ಲಿ ಅಷ್ಟಾಗಿ ಕಾಣುವುದಿಲ್ಲ. ಕೆಲಸ ಕಡಿಮೆಯಾಗದಿದ್ದರೆ ಅದು ಮೊನಾಪ್ಸನಿ, ಕಡಿಮೆಯಾದರೆ ವೇತನ ಮಿತಿಮೀರಿದ ಮೊನಾಪ್ಸನಿ. ಸೋಲಲೇ ಆಗದ ಸಿದ್ಧಾಂತದ ಮೇಲೆ ನನಗೆ ಗುಮಾನಿ.

ಹಾಗೆಂದು ಮೊನಾಪ್ಸನಿಯ ಪರಂಪರೆ ಬೆಳೆಯಲಿಲ್ಲ ಎನ್ನಲಾಗದು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಅಲನ್ ಮ್ಯಾನಿಂಗ್ 2003ರ ಪುಸ್ತಕದಲ್ಲಿ ಒಂಟಿ ಗಣಿಯ ಊರನ್ನೇ ಕೈಬಿಟ್ಟರು. ಮಾಲೀಕರು ನೂರು ಜನರಿದ್ದರೂ ಹೊಸ ಕೆಲಸ ಹುಡುಕುವುದು ಕಷ್ಟ, ಮಕ್ಕಳ ಶಾಲೆ ಹತ್ತಿರವಿರಬೇಕು, ಬಸ್ಸು ಸಿಗಬೇಕು. ಇಷ್ಟು ಸಾಕು, ಮಾಲೀಕನಿಗೆ ಹಿಡಿತ ದಕ್ಕುತ್ತದೆ. ಕ್ರೂಗರ್ ಮತ್ತು ಆಶೆನ್‌ಫೆಲ್ಟರ್ ಇನ್ನೂ ಒರಟಾದ ಸತ್ಯವೊಂದನ್ನು ಹೊರತೆಗೆದರು. ಅಮೆರಿಕದ ದೊಡ್ಡ ಫ್ರಾಂಚೈಸಿ ಸರಣಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಒಂದು ಶಾಖೆಯ ನೌಕರರನ್ನು ಇನ್ನೊಂದು ಶಾಖೆ ಸೆಳೆಯಕೂಡದೆಂದು ಕರಾರಿನಲ್ಲೇ ಬರೆಸಿಕೊಂಡಿದ್ದವು. ಪೈಪೋಟಿಯ ಗುಣಗಾನ ಮಾಡುವ ದೇಶದಲ್ಲಿ ಬರ್ಗರ್ ಬೇಯಿಸುವವರಿಗಾಗಿ ಪೈಪೋಟಿಯೇ ನಿಷಿದ್ಧ!

ಹಣದುಬ್ಬರದ ಹತ್ತಿರ ಬಂದಾಗ ಮಾತ್ರ ಈ ಪರಂಪರೆ ತೊದಲುತ್ತದೆ. 1958ರಲ್ಲಿ ಅರ್ಥಶಾಸ್ತ್ರಜ್ಞ ಫಿಲಿಪ್ಸ್ ಬ್ರಿಟನ್ನಿನ ಸುಮಾರು ನೂರು ವರ್ಷಗಳ ಅಂಕಿಗಳಿಂದ ಎಳೆದ ಗೆರೆಯ ಪ್ರಕಾರ ನಿರುದ್ಯೋಗ ಇಳಿದರೆ ಕೂಲಿ ಜೋರಾಗಿ ಏರುತ್ತದೆ. ಬೆಲೆಯೂ ಅದರ ಬೆನ್ನಿಗೇ ಏರುತ್ತದೆಂದು ಕೇಂದ್ರ ಬ್ಯಾಂಕುಗಳು ನಂಬಿಕೊಂಡವು. 2010ರ ದಶಕದ ಕೊನೆಯಲ್ಲಿ ಅಮೆರಿಕದ ನಿರುದ್ಯೋಗ ಶೇ. 4ಕ್ಕಿಂತ ಕೆಳಗಿಳಿದರೂ ಕೂಲಿ ಆಮೆಯ ನಡಿಗೆ ಬಿಡಲಿಲ್ಲ. 2018ರ ಆಗಸ್ಟಿನಲ್ಲಿ ಜಾಕ್ಸನ್ ಹೋಲ್‌ನ ಸಮ್ಮೇಳನದಲ್ಲಿ ಕೇಂದ್ರ ಬ್ಯಾಂಕಿನವರ ಎದುರು ಕ್ರೂಗರ್ ಇದಕ್ಕೆ ಕಾರಣ ಹೇಳಿದರು: ಮಾಲೀಕರ ಹಿಡಿತ ಬಿಗಿಯಾಗಿದೆ, ಕಾರ್ಮಿಕರ ಚೌಕಾಸಿ ಶಕ್ತಿ ಕುಂದಿದೆ. ಆದರೆ ನಾಲ್ಕು ವರ್ಷಗಳ ನಂತರ, 2022ರ ಜೂನಿನಲ್ಲಿ, ಅಮೆರಿಕದ ಹಣದುಬ್ಬರ ಶೇ. 9.1 ಮುಟ್ಟಿತು. ಅದನ್ನು ಇಳಿಸಲು ನಿರುದ್ಯೋಗ ವರ್ಷಗಟ್ಟಲೆ ಏರಬೇಕೆಂದು ಅರ್ಥಶಾಸ್ತ್ರಜ್ಞ ಲ್ಯಾರಿ ಸಮ್ಮರ್ಸ್ ಎಚ್ಚರಿಸಿದರು. ಮರುವರ್ಷ ಹಣದುಬ್ಬರ ಶೇ. 3ಕ್ಕೆ ಬಂದಾಗಲೂ ನಿರುದ್ಯೋಗ ಶೇ. 4ರ ಒಳಗೇ ಇತ್ತು. ಈ ನಡುವೆ ಜನ ಧೈರ್ಯವಾಗಿ ಕೆಲಸ ಬಿಟ್ಟು ಬೇರೆಡೆ ಸೇರಿದ್ದರಿಂದ ತಳಮಟ್ಟದ ಕೂಲಿ ಎಲ್ಲಕ್ಕಿಂತ ವೇಗವಾಗಿ ಏರಿತೆಂದು ಸಂಶೋಧಕರಾದ ಆಟರ್, ಡೂಬೆ, ಮ್ಯಾಕ್‌ಗ್ರೂ ತೋರಿಸಿದರು. ಮ್ಯಾನಿಂಗ್ ಹೇಳಿದ್ದಕ್ಕೆ ಇದು ಒಳ್ಳೆಯ ಸಾಕ್ಷಿ.

ಬಿಟ್ಟುಹೋಗಲು ಬೇರೆ ಜಾಗವಿದ್ದವರ ಕತೆ ಇದು. ಅಂಥ ಜಾಗವಿಲ್ಲದವರ ಕತೆ ಬೆಂಗಳೂರಿನ ಗಾರ್ಮೆಂಟ್ಸ್‌ನದು. ಕರ್ನಾಟಕದಲ್ಲಿ ಕನಿಷ್ಠ ವೇತನದ ಜೊತೆ ತುಟ್ಟಿಭತ್ಯೆಯೂ ಸೇರುತ್ತದೆ; ಬೆಲೆ ಸೂಚ್ಯಂಕ ಏರಿದಂತೆ ಪ್ರತಿ ಏಪ್ರಿಲ್‌ನಲ್ಲಿ ಅದು ಏರಬೇಕು. 2020ರ ಏಪ್ರಿಲ್‌ನ ಏರಿಕೆ ತಿಂಗಳಿಗೆ 417 ರೂಪಾಯಿ. ಕೊರೊನಾ ಹೆಸರಿನಲ್ಲಿ ಮುಂದೂಡಿಕೆಯ ಆದೇಶ ಬಂತು. ಸೆಪ್ಟೆಂಬರಿನಲ್ಲಿ ಹೈಕೋರ್ಟ್ ಬಾಕಿ ಸಮೇತ ಕೊಡಿ ಎಂದಿತು. ಆಮೇಲೂ ವರ್ಷಕ್ಕಿಂತ ಹೆಚ್ಚು ಕಾಲ ಸಾವಿರಾರು ಹೆಣ್ಣುಮಕ್ಕಳಿಗೆ ಆ ಹಣ ಬರಲಿಲ್ಲ. ಯಾರ ಕೂಲಿಯನ್ನೂ ಯಾರೂ ಕಡಿತ ಮಾಡಿರಲಿಲ್ಲ. ಸುಮ್ಮನಿದ್ದರು, ಅಷ್ಟೇ, ಉಳಿದ ಕೆಲಸವನ್ನು ದಿನಸಿ ಅಂಗಡಿಯ ಬೆಲೆಗಳು ಮಾಡಿದವು.

ಮೊನಾಪ್ಸನಿಯ ಸಂಶೋಧಕರ ನೆಚ್ಚಿನ ಅಳತೆಗೋಲು ಒಂದೇ: ಕೂಲಿ ಶೇ. 1 ಇಳಿದರೆ ಎಷ್ಟು ಜನ ಕೆಲಸ ಬಿಡುತ್ತಾರೆ? ಬೀದಿಯ ಎಲ್ಲ ಕಾರ್ಖಾನೆಗಳೂ ಒಂದೇ ಹೊತ್ತಿಗೆ ಒಂದೇ 417 ರೂಪಾಯಿ ತಡೆಹಿಡಿದರೆ ಬಿಟ್ಟು ಎಲ್ಲಿಗೆ ಹೋಗುವುದು? ಕೆಲಸಗಾರರು ಕೆಲಸ ಬಿಡದೆಯೂ ಎದುರು ನಿಲ್ಲಬಲ್ಲರೆಂಬುದು 2016ರ ಏಪ್ರಿಲ್‌ನಲ್ಲೇ ಕಂಡಿತ್ತು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದವರೆಗೆ ತೆಗೆಯುವಂತಿಲ್ಲವೆಂಬ ಹೊಸ ನಿಯಮದ ವಿರುದ್ಧ ಇದೇ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗಳನ್ನು ತಡೆದರು; ಎರಡನೆಯ ದಿನ ಕೇಂದ್ರ ಸರ್ಕಾರ ನಿಯಮ ಹಿಂತೆಗೆದುಕೊಂಡಿತು. ಈ ಶಕ್ತಿಯನ್ನು ಬರೆದುಕೊಳ್ಳಲು ಆ ಸಮೀಕರಣಗಳಲ್ಲಿ ಜಾಗವಿಲ್ಲ. ಕ್ರೂಗರ್ ಜಾಕ್ಸನ್ ಹೋಲ್‌ನಲ್ಲಿ ಮಾಲೀಕರ ಹಿಡಿತದ ಜೊತೆಗೆ ಕಾರ್ಮಿಕ ಸಂಘಗಳ ಕುಸಿತವನ್ನೂ ಹೇಳಿದ್ದರು. ಆಮೇಲೆ ಬಂದ ಬಹುತೇಕರು ಮೊದಲನೆಯದನ್ನು ಅಳೆಯಲು ಹೊರಟರು. ಆನ್‌ಲೈನ್ ಉದ್ಯೋಗ ಜಾಹೀರಾತುಗಳಲ್ಲಿ ಅದಕ್ಕೆ ಬೇಕಾದಷ್ಟು ಅಂಕಿಅಂಶ ಸಿಗುತ್ತಿತ್ತು.